ಹಳೆಯ ಐಒಎಸ್‌ಗೆ ಮರಳಬೇಕೆ? ಸಹಿ ಇಂದೇ ತೆಗೆದಿಡಿ

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಕಡೆ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತರೆ, ಐಫೋನಿಗೆ ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಕೇಳುವ ಮಾತು ಒಂದೇ: ‘ಅಣ್ಣಾರ, ಬ್ಯಾಟರಿ ನಿಲ್ಲವಲ್ದು, ಹಳೇದ ಹಾಕಿ ಕೊಡ್ರಿ.’ ಅಷ್ಟೊತ್ತಿಗೆ ಹೆಚ್ಚಿನ ಸಲ ಹೊತ್ತು ಮೀರಿರುತ್ತದೆ. ಯಾವ ಐಒಎಸ್ ಹಾಕಬೇಕೆಂದರೂ ಆಪಲ್ ಸರ್ವರ್ ಆ ಒಂದು ಫೋನಿಗೆಂದೇ ಸಹಿ ಮಾಡಿಕೊಡಬೇಕು. ಹೊಸ ಆವೃತ್ತಿ ಬಂದ ಕೆಲವೇ ದಿನ, ವಾರಗಳಲ್ಲಿ ಹಳೆಯದಕ್ಕೆ ಸಹಿ ನಿಲ್ಲುತ್ತದೆ. ಸಿಗುತ್ತಿರುವಾಗಲೇ ಅದನ್ನು ಫೈಲಾಗಿ ತೆಗೆದಿಡಬೇಕು. ಇದಕ್ಕೆ ಬ್ಲಾಬ್ ಎನ್ನುತ್ತಾರೆ.

ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಬ್ಲಾಬ್ ತೆಗೆದಿಡುವ ಬ್ಲಾಬ್‌ಸೇವರ್ ಎಂಬ ಸಾಫ್ಟ್‌ವೇರ್ ತೆರೆಯಿರಿ. ಇಸಿಐಡಿ (ಪ್ರತಿ ಫೋನಿಗೂ ಬೇರೆಯಾದ ಗುರುತಿನ ಸಂಖ್ಯೆ), ಮಾಡೆಲ್ ಎರಡನ್ನೂ ಫೋನಿನಿಂದಲೇ ಓದಿಸಿ, ಕೈಯಿಂದ ಟೈಪ್ ಮಾಡಬೇಡಿ. ಬರೀ ಚಾರ್ಜ್ ಆಗುವ ಅಗ್ಗದ ಕೇಬಲ್ ಇಲ್ಲಿ ಕೆಲಸಕ್ಕೆ ಬಾರದು.

ಜನ ಎಡವುವುದು ಇದರ ಮುಂದೆ, ನಾನ್ಸ್‌ನಲ್ಲಿ. ಸಹಿ ಕೇಳುವಾಗ ಫೋನು ನಾನ್ಸ್ ಎಂಬ ಸಂಖ್ಯೆಯನ್ನೂ ಕಳಿಸುತ್ತದೆ. ಸಹಿಯೊಳಗೆ ಅದು ಸೇರಿಕೊಳ್ಳುತ್ತದೆ. ಮುಂದೆ ಹಳೆಯ ಐಒಎಸ್‌ಗೆ ಇಳಿಸುವ ದಿನ ಫೋನಿನಲ್ಲಿ ಅದೇ ನಾನ್ಸ್ ಇರದಿದ್ದರೆ ಫೈಲು ಕಸಕ್ಕೆ ಸಮ. ನಾನ್ಸ್ ಹುಟ್ಟುವುದು ಜನರೇಟರ್ ಎಂಬ 16 ಅಂಕಿಯ ಹೆಕ್ಸ್ (0-9, a-f ಬಳಸಿ ಬರೆಯುವ) ಸಂಖ್ಯೆಯಿಂದ. ಐಫೋನ್ ಎಕ್ಸ್‌ವರೆಗಿನ ಫೋನುಗಳಲ್ಲಿ ಲೆಕ್ಕ ಸರಳ: ಜನರೇಟರ್ ಗೊತ್ತಿದ್ದರೆ ನಾನ್ಸ್ ಅನ್ನು ಸಾಫ್ಟ್‌ವೇರೇ ಕಟ್ಟುತ್ತದೆ. 2018ರ ಎಕ್ಸ್‌ಎಸ್, ಎಕ್ಸ್‌ಆರ್‌ನಿಂದ ಈಚೆಗೆ ಹಾಗಲ್ಲ. ಚಿಪ್‌ನ ಗುಟ್ಟಿನ ಕೀಲಿಯೂ ಅದರೊಳಗೆ ಬೆರೆಯುತ್ತದೆ. ಒಂದೇ ಜನರೇಟರ್ ಕೊಟ್ಟರೂ ನಿಮ್ಮ ಫೋನಿನ ನಾನ್ಸ್ ಬೇರೆ, ಗೆಳೆಯನದು ಬೇರೆ. ಹಾಗಾಗಿ ಜನರೇಟರ್, ನಾನ್ಸ್ ಎರಡನ್ನೂ ನಿಮ್ಮ ಫೋನಿನಿಂದಲೇ ಓದಿಸಬೇಕು. ಓದುವಾಗ ಫೋನು ರಿಕವರಿ ಮೋಡ್‌ಗೆ ಹೋಗಿ ಬರುತ್ತದೆ. ಗಾಬರಿಯಾಗಿ ಕೇಬಲ್ ಕೀಳಬೇಡಿ, ಡೇಟಾ ಹೋಗುವುದಿಲ್ಲ. ಜೋಡಿಯನ್ನು ಕಾಗದದ ಮೇಲೂ ಬರೆದಿಡಿ.

ಇನ್ನು ಸೇವ್ ಒತ್ತಿ. ಸಿಕ್ಕ .shsh2 ಫೈಲನ್ನು (ಇದೇ ಬ್ಲಾಬ್) ನೋಟ್‌ಪ್ಯಾಡ್‌ನಲ್ಲಿ ತೆರೆದು, ಜನರೇಟರ್ ಎಂಬ ಸಾಲಿನಲ್ಲಿ ನೀವು ಬರೆದುಕೊಂಡ ಸಂಖ್ಯೆಯೇ ಇದೆಯೇ ನೋಡಿ. ಬರೀ ಆನ್‌ಲೈನ್ ತಾಣದಲ್ಲಿ ಬಿಟ್ಟರೆ ಸಾಲದು, ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇರಲೇಬೇಕು.

ಬ್ಲಾಬ್ ಇದ್ದ ಮಾತ್ರಕ್ಕೆ ಇಳಿಸುವ ಕೆಲಸ ಆಗುವುದಿಲ್ಲ. ಆ ದಿನ ಫೋನಿಗೆ ಅದೇ ಜನರೇಟರ್ ಕೂರಿಸಲು ಜೈಲ್‌ಬ್ರೇಕ್ (ಆಪಲ್ ಹಾಕಿದ ಬೀಗ ಮುರಿಯುವುದು) ಬೇಕು. ಐಫೋನ್ ಎಕ್ಸ್‌ವರೆಗಿನ ಫೋನುಗಳಿಗೆ ಚಿಪ್‌ನಲ್ಲೇ ಇರುವ ಲೋಪ ಬಳಸುವ, 2019ರಲ್ಲಿ ಹೊರಬಿದ್ದ ಚೆಕ್‌ಎಂ8 ದಾರಿಯೂ ಉಂಟು. ಪಾಸ್‌ಕೋಡ್, ಬೆರಳಚ್ಚು ನೋಡಿಕೊಳ್ಳುವ ಎಸ್‌ಇಪಿ ಎಂಬ ಭದ್ರತಾ ಭಾಗಕ್ಕೆ ಆಪಲ್ ಈಗ ಸಹಿ ಮಾಡುತ್ತಿರುವ ಆವೃತ್ತಿಯೇ ಬೇಕು, ಅದು ಹಳೆಯ ಐಒಎಸ್ ಜೊತೆ ಹೊಂದಬೇಕು. ಬ್ಲಾಬ್ ಇಲ್ಲದೆಯೇ ಎಕ್ಸ್‌ಎಸ್ ನಂತರದ ಫೋನನ್ನು ಸಹಿ ನಿಂತ ಆವೃತ್ತಿಗೆ ಇಳಿಸುತ್ತೇವೆ ಎನ್ನುವ ಸಾಫ್ಟ್‌ವೇರಿಗೆ ಒಂದು ರೂಪಾಯಿಯೂ ಕೊಡಬೇಡಿ.

ಮುಂದಿನ ಆವೃತ್ತಿ ಬಂದಾಗ ನಾನ್ಸ್ ಮತ್ತೆ ಓದಿಸಬೇಕಿಲ್ಲ. ಕಾಗದದಲ್ಲಿರುವ ಅದೇ ಜೋಡಿ ತುಂಬಿ ಸೇವ್ ಮಾಡಿ.