ಲಾರ್ಡ್ ಆದ ತೈಲ ಕಂಪನಿ ಮುಖ್ಯಸ್ಥರ ಬದುಕನ್ನು ಕನ್ನಡದಲ್ಲಿ ಬರೆಯುವಾಗ

ಮೈಸೂರಿನ ಇರ್ವಿನ್ ರಸ್ತೆಯಲ್ಲಿ ಓಡಾಡುವವರಿಗೆ, ಮಂಡ್ಯದಲ್ಲಿ ವಿ.ಸಿ. ನಾಲೆಯನ್ನು ಇರ್ವಿನ್ ನಾಲೆ ಎಂದು ಕೇಳಿ ಬೆಳೆದವರಿಗೆ ಈ ತೊಡಕು ಅರ್ಧ ಗೊತ್ತೇ ಇದೆ. ವೈಸರಾಯ್ ಇರ್ವಿನ್ ಹುಟ್ಟಿದ್ದು ಎಡ್ವರ್ಡ್ ವುಡ್ ಆಗಿ. 1934ರಿಂದಾಚೆಗೆ ಅವರೇ ಲಾರ್ಡ್ ಹ್ಯಾಲಿಫ್ಯಾಕ್ಸ್. ಮನುಷ್ಯ ಒಬ್ಬನೇ, ಹೆಸರು ಮೂರು. ತೈಲ ಕಂಪನಿ ನಡೆಸಿ ಲಾರ್ಡ್ ಆದವರ ವಿಷಯದಲ್ಲಿ ಇನ್ನೂ ಒಂದು ಗಂಟು ಜಾಸ್ತಿ: ಅವರ ಹೆಸರಿನ ಜೊತೆಗೆ ಕಂಪನಿಯ ಹೆಸರೂ ಬದಲಾಗುತ್ತಾ ಬಂದಿರುತ್ತದೆ. ಪತ್ರಿಕೆಗೋ ವಿಶ್ವಕೋಶಕ್ಕೋ ವ್ಯಕ್ತಿಪರಿಚಯ ಬರೆಯುವವರು ಎಡವುವುದು ಬಹುಮಟ್ಟಿಗೆ ಇಲ್ಲೇ.

ಆದ್ದರಿಂದ ಮೊದಲ ವಾಕ್ಯಕ್ಕೆ ಕೈ ಹಾಕುವ ಮುನ್ನ ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಎಳೆಯಿರಿ: ಇಸವಿ, ಆಗ ವ್ಯಕ್ತಿಯ ಹೆಸರು, ಆಗ ಕಂಪನಿಯ ಹೆಸರು. ಬ್ರಿಟನ್ನಿನ ತೈಲ ಕಂಪನಿ ಬಿ.ಪಿ. (ಬ್ರಿಟಿಷ್ ಪೆಟ್ರೋಲಿಯಂ) ನಡೆಸಿದ ಜಾನ್ ಬ್ರೌನ್ ಅವರದ್ದಾದರೆ ಹೀಗಿರುತ್ತದೆ.

1966: ಜಾನ್ ಬ್ರೌನ್. ಬ್ರಿಟಿಷ್ ಪೆಟ್ರೋಲಿಯಂನಲ್ಲಿ ಅಪ್ರೆಂಟಿಸ್.
1995: ಜಾನ್ ಬ್ರೌನ್. ಅದೇ ಕಂಪನಿಯ ಮುಖ್ಯ ಕಾರ್ಯನಿರ್ವಾಹಕ.
1998: ಸರ್ ಜಾನ್ ಬ್ರೌನ್. ವರ್ಷದ ಕೊನೆಗೆ ಅಮೆರಿಕದ ಅಮೋಕೊ ವಿಲೀನವಾಗಿ ಬಿ.ಪಿ. ಅಮೋಕೊ.
2001: ಲಾರ್ಡ್ ಬ್ರೌನ್. ಕಂಪನಿ ಬರೀ ಬಿ.ಪಿ.
2007, ಮೇ 1: ರಾಜೀನಾಮೆ.

ಇನ್ನು ಪ್ರತಿ ವಾಕ್ಯದ ಇಸವಿ ನೋಡಿ, ಆ ಸಾಲಿನ ಹೆಸರನ್ನೇ ಹಾಕುತ್ತಾ ಹೋಗಿ. ‘1969ರಲ್ಲಿ ಲಾರ್ಡ್ ಬ್ರೌನ್ ಅಲಾಸ್ಕಾಕ್ಕೆ ತೆರಳಿದರು’ ಎಂದರೆ ತಪ್ಪು. ಆಗ ಅವರು ಇಪ್ಪತ್ತೊಂದರ ಹುಡುಗ. ಹಳೆಯ ತಲೆಮಾರಿನವರಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಜಾನ್ ಕ್ಯಾಡ್ಮನ್ 1927ರಲ್ಲಿ ಅಧ್ಯಕ್ಷರಾದದ್ದು ಆಂಗ್ಲೋ-ಪರ್ಷಿಯನ್ ಆಯಿಲ್ ಕಂಪನಿಗೆ, ಬ್ಯಾರನ್ (ಲಾರ್ಡ್‌ಗಳಲ್ಲಿ ಕೆಳಗಿನ ದರ್ಜೆ) ಆದ 1937ರ ಹೊತ್ತಿಗೆ ಅದು ಆಂಗ್ಲೋ-ಇರಾನಿಯನ್. ಬ್ರಿಟಿಷ್ ಪೆಟ್ರೋಲಿಯಂ ಎಂಬ ಹೆಸರು ಇದೇ ಕಂಪನಿಗೆ ಬಂದದ್ದು 1954ರಲ್ಲಿ.

‘ಸರ್’ ಬಳಕೆಯನ್ನು ಮೈಸೂರಿನವರಿಗೆ ಹೇಳಿಕೊಡಬೇಕಿಲ್ಲ. ಸರ್ ಮಿರ್ಜಾ, ಸರ್ ಎಂ.ವಿ. ಎನ್ನುತ್ತೇವೆ; ಸರ್ ಇಸ್ಮಾಯಿಲ್ ಅಂದವರುಂಟೆ? ಹಾಗೆಯೇ ಸರ್ ಜಾನ್ ಸರಿ, ಸರ್ ಬ್ರೌನ್ ತಪ್ಪು. ಲಾರ್ಡ್ ಇದಕ್ಕೆ ಉಲ್ಟಾ. ಲಾರ್ಡ್ ಬ್ರೌನ್ ಸರಿ, ಲಾರ್ಡ್ ಜಾನ್ ಬ್ರೌನ್ ತಪ್ಪು. ಹಾಗೆ ಬರೆದರೆ ಡ್ಯೂಕನೊಬ್ಬನ ಕಿರಿಮಗ ಎಂದಾಗುತ್ತದೆ. ಅವರ ಪೂರ್ಣ ಬಿರುದು ಬ್ಯಾರನ್ ಬ್ರೌನ್ ಆಫ್ ಮ್ಯಾಡಿಂಗ್ಲಿ. ಇದನ್ನು ‘ಮ್ಯಾಡಿಂಗ್ಲಿಯ ಪ್ರಭು’ ಎಂದು ಕನ್ನಡಿಸಿದರೆ ಪಾಳೆಯಗಾರರ ಕಾಲದ ಒಡೆಯನೊಬ್ಬ ಎದ್ದು ಬಂದಂತಾಗುತ್ತದೆ. ಊರಿನ ಹೆಸರು ಬರೀ ಗುರುತಿಗೆ, ಅಲ್ಲಿ ಆಳ್ವಿಕೆ ಏನೂ ಇಲ್ಲ. ಹಾಗೇ ಬಿಟ್ಟು ಬರೆಯಿರಿ.

ಬಿರುದಿನಲ್ಲಿ ಮನೆಹೆಸರು ಉಳಿಯಲೇಬೇಕೆಂದೂ ಇಲ್ಲ. ಶೆಲ್ ಟ್ರಾನ್ಸ್‌ಪೋರ್ಟ್ ಅಂಡ್ ಟ್ರೇಡಿಂಗ್ ಕಂಪನಿಯನ್ನು 1897ರಲ್ಲಿ ಕಟ್ಟಿದ ಮಾರ್ಕಸ್ ಸ್ಯಾಮ್ಯುಯೆಲ್ 1921ರಲ್ಲಿ ಬ್ಯಾರನ್, 1925ರಲ್ಲಿ ಅದಕ್ಕಿಂತ ಒಂದು ದರ್ಜೆ ಮೇಲಿನ ವೈಕೌಂಟ್ ಬೇರ್‌ಸ್ಟೆಡ್ ಆದರು. ‘ಲಾರ್ಡ್ ಸ್ಯಾಮ್ಯುಯೆಲ್’ ಎಂದು ಬರೆದಿರೋ, ಓದುಗರು ರಾಜಕಾರಣಿ ಹರ್ಬರ್ಟ್ ಸ್ಯಾಮ್ಯುಯೆಲ್ ಹತ್ತಿರ ಹೋಗಿ ನಿಲ್ಲುತ್ತಾರೆ. ಬೇರ್‌ಸ್ಟೆಡ್ ಪದವಿ ಮಗನಿಗೆ ಇಳಿಯಿತು. ಬ್ರೌನ್ ಅವರದ್ದು 1958ರ ಕಾಯಿದೆಯಂತೆ ಕೊಟ್ಟ ಆಜೀವ ಪದವಿ, ಅವರೊಂದಿಗೇ ಮುಗಿಯುತ್ತದೆ. ಈ ವ್ಯತ್ಯಾಸಕ್ಕೆ ಒಂದು ಪದ ಸಾಕು: ‘ಆಜೀವ’ ಅಥವಾ ‘ವಂಶಪಾರಂಪರ್ಯ’.

ಹುದ್ದೆಯ ಹೆಸರಿಗೂ ಇಷ್ಟೇ ಎಚ್ಚರ ಬೇಕು. ನಮ್ಮಲ್ಲಿ ಚೇರ್ಮನ್, ಪ್ರೆಸಿಡೆಂಟ್ ಎಲ್ಲಕ್ಕೂ ‘ಅಧ್ಯಕ್ಷ’ ಎಂದುಬಿಡುವ ಅಭ್ಯಾಸ. ಬ್ರೌನ್ ಬಿ.ಪಿ.ಯ ಅಧ್ಯಕ್ಷರಾಗಿರಲೇ ಇಲ್ಲ. ಅವರ ಕೊನೆಯ ಹತ್ತು ವರ್ಷ ಆ ಕುರ್ಚಿಯಲ್ಲಿ ಕೂತಿದ್ದವರು ಪೀಟರ್ ಸದರ್ಲೆಂಡ್. ಆದರೆ ರಾಯಲ್ ಅಕಾಡೆಮಿ ಆಫ್ ಎಂಜಿನಿಯರಿಂಗ್‌ಗೆ 2006ರಿಂದ 2011ರವರೆಗೆ ಬ್ರೌನ್ ನಿಜಕ್ಕೂ ಅಧ್ಯಕ್ಷರು.

ಲೆಕ್ಕದಲ್ಲಿ ಹೆಚ್ಚು ಮೋಸ ಮಾಡುವುದು ಬ್ಯಾರೆಲ್. ಒಂದು ಬ್ಯಾರೆಲ್ ಎಂದರೆ 42 ಗ್ಯಾಲನ್, ಆದರೆ ಅಮೆರಿಕದ ಗ್ಯಾಲನ್, ತಲಾ 3.785 ಲೀಟರ್‌ನಂತೆ ಸುಮಾರು 159 ಲೀಟರ್. ಕಂಪನಿ ಬ್ರಿಟನ್ನಿನದೆಂದು ಬ್ರಿಟಿಷ್ ಗ್ಯಾಲನ್ನಿನ 4.546ರಿಂದ ಗುಣಿಸಿದರೆ 191 ಬರುತ್ತದೆ, ಬ್ಯಾರೆಲ್ಲಿಗೆ 32 ಲೀಟರ್ ಸುಳ್ಳು. ಸೀಮೆಎಣ್ಣೆ ಡಬ್ಬದ ಲೆಕ್ಕ ಬಂದಾಗ ಮಾತ್ರ ಬ್ರಿಟಿಷ್ ಗ್ಯಾಲನ್ನೇ ಹಿಡಿಯಬೇಕು: 4 ಗ್ಯಾಲನ್, ಸುಮಾರು 18 ಲೀಟರ್. ದಿನಕ್ಕೆ 10 ಲಕ್ಷ ಬ್ಯಾರೆಲ್ ಎಂದರೆ ವರ್ಷಕ್ಕೆ ಹೆಚ್ಚುಕಡಿಮೆ 5 ಕೋಟಿ ಟನ್. ಮಿಲಿಯನ್ನನ್ನು 10 ಲಕ್ಷ, ಬಿಲಿಯನ್ನನ್ನು 100 ಕೋಟಿ ಮಾಡಿಯೇ ಬರೆಯಿರಿ.

ಊರಿನ ಓದುಗರಿಗೆ ಒಂದು ಕೊಂಡಿ ಬೇಕಿದ್ದರೆ ಬರ್ಮಾ-ಶೆಲ್ ಇದೆ. 1928ರಲ್ಲಿ ಹುಟ್ಟಿದ ಈ ಕಂಪನಿಯಲ್ಲಿ ಶೆಲ್ ಬೇರ್‌ಸ್ಟೆಡ್ ಅವರ ಕಡೆಯದು. ಬರ್ಮಾ ಎಂದರೆ 1909ರಲ್ಲಿ ಆಂಗ್ಲೋ-ಪರ್ಷಿಯನ್ ಕಂಪನಿಯನ್ನು ಕಟ್ಟಿದ ಬರ್ಮಾ ಆಯಿಲ್. 1976ರಲ್ಲಿ ಸರ್ಕಾರ ವಹಿಸಿಕೊಂಡ ಮೇಲೆ ಬರ್ಮಾ-ಶೆಲ್ಲೇ ಇಂದಿನ ಭಾರತ್ ಪೆಟ್ರೋಲಿಯಂ. ಬರ್ಮಾ ಆಯಿಲ್‌ನ ಉತ್ತರಾಧಿಕಾರಿ ಬರ್ಮಾ ಕ್ಯಾಸ್ಟ್ರಾಲನ್ನು 2000ದಲ್ಲಿ ಕೊಂಡದ್ದು ಬ್ರೌನ್ ಅವರ ಬಿ.ಪಿ. ಅಮೋಕೊ! ಇಂಥದ್ದಕ್ಕೆ ಎರಡು ಸಾಲು ಕೊಡಿ, ಮೂರನೆಯದು ಬೇಡ.

ಜಾಗ ಕೊಡಬೇಕಾದದ್ದು ಅವಘಡಗಳಿಗೆ. ವಿಲೀನಗಳನ್ನು ಸಾಲಾಗಿ ಹೇಳಿ ‘ಕೆಲವು ದುರಂತಗಳೂ ನಡೆದವು’ ಎಂದು ಮುಗಿಸಿದರೆ ಅದು ಸನ್ಮಾನಪತ್ರ ಆಗುತ್ತದೆ. 2005ರ ಮಾರ್ಚ್ 23ರಂದು ಟೆಕ್ಸಾಸ್ ಸಿಟಿ ಸಂಸ್ಕರಣಾಗಾರದಲ್ಲಿ ಗೋಪುರವೊಂದಕ್ಕೆ ಮಿತಿಮೀರಿ ದ್ರವ ತುಂಬಿತು, ಅದು ಉಕ್ಕಿ ಹೊರಬಂದು ಆವಿಯಾಗಿ ಹೊತ್ತಿಕೊಂಡಿತು. ಸತ್ತ 15 ಮಂದಿಯೂ ಗುತ್ತಿಗೆ ಕಂಪನಿಗಳ ಕೆಲಸಗಾರರು. ಅವರ ತಾತ್ಕಾಲಿಕ ಟ್ರೇಲರ್ ಕಚೇರಿಗಳು ಹತ್ತಿರದಲ್ಲೇ ನಿಂತಿದ್ದವು. ಈ ಸಂಸ್ಕರಣಾಗಾರ ಬಿ.ಪಿ.ಗೆ ಬಂದದ್ದು ಅಮೋಕೊ ವಿಲೀನದಿಂದ, ಹಾಗಾಗಿ ಎರಡನ್ನೂ ಒಂದೇ ಪ್ಯಾರಾದಲ್ಲಿಡಿ. 2006ರಲ್ಲಿ ಅಲಾಸ್ಕಾದಲ್ಲಿ ತುಕ್ಕು ತಿಂದ ಪೈಪ್‌ಲೈನ್ ಸೋರಿದ್ದೂ ಇವರ ಕಾಲದ್ದೇ. ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಸ್ಫೋಟ ಮಾತ್ರ ಇಲ್ಲಿಗೆ ಸೇರದು. ಅದು 2010ರ ಏಪ್ರಿಲ್ 20ರದು, ಆಗ ಮುಖ್ಯಸ್ಥರು ಟೋನಿ ಹೇವರ್ಡ್.

ರಾಜೀನಾಮೆಯ ಕಾರಣವನ್ನು ವಿಶೇಷಣ ಹಚ್ಚದೆ ಬರೆಯಬೇಕು. ಮಾಜಿ ಸಂಗಾತಿಯ ಪರಿಚಯ ಹೇಗಾಯಿತು ಎಂಬ ಬಗ್ಗೆ ನ್ಯಾಯಾಲಯಕ್ಕೆ ಕೊಟ್ಟ ಹೇಳಿಕೆ ಸುಳ್ಳೆಂದು ಬಯಲಾಗಿ ಅವರು ಹುದ್ದೆ ಬಿಟ್ಟರು. ‘ಸಲಿಂಗ ಸಂಬಂಧದಿಂದ ಕೆಲಸ ಕಳೆದುಕೊಂಡರು’ ಎಂದರೆ ಸಂಗತಿಯೇ ತಿರುಚಿಹೋಗುತ್ತದೆ. ಹುದ್ದೆ ಹೋಯಿತು, ಲಾರ್ಡ್ ಪದವಿ ಹೋಗಲಿಲ್ಲ. ಆದ್ದರಿಂದ 2010ರಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯ ಶುಲ್ಕದ ಬಗ್ಗೆ ಅವರು ಕೊಟ್ಟ ವರದಿಯ ಮಾತು ಬಂದಾಗಲೂ ಲಾರ್ಡ್ ಬ್ರೌನ್ ಎಂದೇ ಬರೆಯಬೇಕು.

ಕೊನೆಗೆ ‘ಈತ’, ‘ಅವರು’ ನೋಡಿಕೊಳ್ಳಿ. ವಿಶ್ವಕೋಶದ ಶೈಲಿಗೆ ‘ಈತ’ ಒಗ್ಗುತ್ತದೆ, ಪತ್ರಿಕೆಗೆ ‘ಅವರು’. ಸರ್ ಆಗುವವರೆಗೆ ‘ಈತ’, ಆಮೇಲೆ ‘ಅವರು’ ಎಂದು ನಡುವೆ ಜಾರುವುದು ಬರೆದವರ ಕಣ್ಣಿಗೆ ಬೀಳುವುದಿಲ್ಲ. ಇನ್ನೊಬ್ಬರಿಂದ ಒಮ್ಮೆ ಗಟ್ಟಿಯಾಗಿ ಓದಿಸಿ.