ಕಿವಿ ಮಷಿನ್ ಕುಯ್ಯ್ ಅಂತಿದೆಯಾ? ಮೊದಲು ಗುಗ್ಗೆ ನೋಡಿ

ಅಜ್ಜಿಗೋ ಅಪ್ಪನಿಗೋ ಮಷಿನ್ ಹಾಕಿದರೂ ಸರಿಯಾಗಿ ಕೇಳ್ತಿಲ್ಲವಾ? ಅದು ಸುಮ್ನೆ ಶಿಳ್ಳೆ ಹೊಡೆಯುತ್ತಿದೆಯಾ? ತಕ್ಷಣ ರಿಪೇರಿಗೆ ಓಡಬೇಡಿ, ವಾಲ್ಯೂಮೂ ಏರಿಸಬೇಡಿ. ಎಷ್ಟೋ ಸಲ ಮಷಿನ್ ಕೆಟ್ಟಿರುವುದೇ ಇಲ್ಲ, ಅದರ ತುದಿಗೆ ಗುಗ್ಗೆ ಮೆತ್ತಿಕೊಂಡಿರುತ್ತದೆ, ಇಲ್ಲಾ ಕಿವಿಯೊಳಗೇ ತುಂಬಿರುತ್ತದೆ.

ಗುಗ್ಗೆ ಕೊಳೆ ಅಲ್ಲ. ಒಳಗಿನ ಚರ್ಮ ಕಾಪಾಡಲು ಕಿವಿಯೇ ತಯಾರಿಸುವ ಮೇಣ ಅದು, ಮಾಮೂಲಾಗಿ ತಾನೇ ಹೊರಗೆ ಬರುತ್ತದೆ. ಇಡೀ ದಿನ ಮಷಿನ್ ಬಿರಡೆ ಥರ ಕೂತಿದ್ದರೆ ಬರೋಕೆ ದಾರಿ ಎಲ್ಲಿ?

ರಾತ್ರಿ ತೆಗೆದ ಕೂಡಲೇ ಒಣ ಮೆತ್ತನೆ ಬಟ್ಟೆಯಿಂದ ಒರೆಸಿ. ಬ್ರಷ್ ಮಾತ್ರ ಬೆಳಿಗ್ಗೆ ಹಾಕಿ, ಅಷ್ಟೊತ್ತಿಗೆ ಗುಗ್ಗೆ ಒಣಗಿ ಸಲೀಸಾಗಿ ಉದುರುತ್ತದೆ. ಬ್ರಷ್ ಹಾಕುವಾಗ ಸದ್ದು ಬರುವ ತೂತು ನೆಲದ ಕಡೆ ಇರಲಿ. ಮೇಲೆ ಮಾಡಿ ಉಜ್ಜಿದರೆ ಪುಡಿಯೆಲ್ಲ ಒಳಗಿನ ಸ್ಪೀಕರ್‌ಗೇ ಬೀಳುತ್ತದೆ. ಸೂಜಿ, ಪಿನ್ನು ಚುಚ್ಚಲೇಬೇಡಿ. ಕೆಲವು ಮಷಿನ್‌ಗಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಪುಟ್ಟ ಫಿಲ್ಟರ್ ಇರುತ್ತದೆ, ವ್ಯಾಕ್ಸ್ ಗಾರ್ಡ್ ಅಂತಾರೆ. ಅದರ ಜೊತೆ ಬರುವ ಕಡ್ಡಿಯ ಒಂದು ತುದಿಯಿಂದ ಹಳೆಯದನ್ನು ಎಳೆದು, ಇನ್ನೊಂದು ತುದಿಯಿಂದ ಹೊಸದನ್ನು ಒತ್ತಬೇಕು. ಇದನ್ನು ತೊಳೆಯೋಕೆ ಹೋಗಬೇಡಿ, ಕಟ್ಟಿಕೊಂಡರೆ ಬದಲಾಯಿಸಿ.

ಕಿವಿ ಹಿಂದೆ ಹಾಕುವ ಮಷಿನ್ ಆದರೆ ಕಿವಿಯೊಳಗೆ ಕೂರುವ ಅಚ್ಚನ್ನು ಟ್ಯೂಬ್ ಸಮೇತ ಬಿಡಿಸಿ, ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆಯಬಹುದು. ಟ್ಯೂಬಿನಲ್ಲಿ ನಿಂತ ನೀರನ್ನು ರಬ್ಬರ್ ಬ್ಲೋವರ್‌ನಿಂದ ಊದಿ, ರಾತ್ರಿಯಿಡೀ ಒಣಗಲು ಬಿಡಿ. ಮಷಿನ್‌ಗೆ ಮಾತ್ರ ನೀರು, ಸ್ಪಿರಿಟ್ಟು, ಸ್ಯಾನಿಟೈಜರ್ ಏನೂ ಬೇಡ.

ನಮ್ಮ ದಾವಣಗೆರೆ ಕಡೆ ಮೆಕ್ಕೆಜೋಳ ಒಕ್ಕುವಾಗ ಏಳುವ ಧೂಳು ಗೊತ್ತಲ್ವಾ? ಅದು ಮೈಕಿನ ತೂತಿಗೂ ಕೂರುತ್ತದೆ, ಆದ್ದರಿಂದ ಆ ಕೆಲಸಕ್ಕೆ ಹೋಗುವಾಗ ಮಷಿನ್ ತೆಗೆದಿಡುವುದೇ ಒಳ್ಳೆಯದು. ಬೇಸಿಗೆಯಲ್ಲಿ ಬೆವರಿನ ಕಾಟ ಬೇರೆ. ರಾತ್ರಿ ಸೆಲ್ ಬಾಗಿಲು ತೆರೆದು ತೇವ ಹೀರುವ ಸಿಲಿಕಾ ಜೆಲ್ ಡಬ್ಬಿಯಲ್ಲಿಡಿ. ಚಾರ್ಜಿಂಗ್ ಮಷಿನ್ ಆದರೆ ಚೆನ್ನಾಗಿ ಒರೆಸಿ ಚಾರ್ಜರ್‌ಗೆ ಹಾಕಿ.

ಇನ್ನು ಕಿವಿ. ಬಡ್ಸ್, ಹೇರ್‌ಪಿನ್, ಬೆಂಕಿಕಡ್ಡಿ ಗುಗ್ಗೆಯನ್ನು ಇನ್ನೂ ಒಳಗೆ ತಳ್ಳುತ್ತವೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವ ಅಭ್ಯಾಸ ಮನೆಯಲ್ಲಿದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಿ, ಕಿವಿಯೊಳಗೆ ಸುಡಬಹುದು. ಕಿವಿಯ ತಮಟೆ ತೂತಾಗಿದ್ದರೆ ಇಲ್ಲವೇ ಕಿವಿ ಸೋರುತ್ತಿದ್ದರೆ ಗುಗ್ಗೆ ಕರಗಿಸುವ ಡ್ರಾಪ್ಸನ್ನೂ ಕೇಳದೆ ಹಾಕಬೇಡಿ. ಇಎನ್‌ಟಿ ಡಾಕ್ಟರ್ ನೋಡಿಕೊಂಡು ಸಕ್ಷನ್ ಮಾಡಿ ತೆಗೆಯುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಕಿವಿಯ ಸೋಂಕು ಅಂಥವರಿಗೆ ಜಾಸ್ತಿ ಅಪಾಯ. ಡ್ರಾಪ್ಸ್ ಹಾಕಿದ ಮೇಲೆ ಕಿವಿ ಒಣಗುವ ತನಕ ಮಷಿನ್ ಹಾಕಬೇಡಿ.

ಒಂದೇ ದಿನದಲ್ಲಿ ಒಂದು ಕಿವಿ ಪೂರ್ತಿ ಮಂದವಾಯಿತು ಅನ್ನಿ. ಅದನ್ನು ಗುಗ್ಗೆ ಅಂತ ಕಾಯಬೇಡಿ, ಅವತ್ತೇ ತೋರಿಸಿ. ನರದ ತೊಂದರೆಯಾಗಿದ್ದರೆ ತಡವಾದಷ್ಟೂ ಔಷಧಿ ನಾಟುವುದು ಕಡಿಮೆ.