ಗುಡ್ಡದ ಬುಡದಲ್ಲಿ ಮನೆಯಿದ್ದರೆ ಮಳೆಗಾಲದಲ್ಲಿ ಏನು ನೋಡಬೇಕು

ಕಾರವಾರ, ಅಂಕೋಲಾ, ಕುಮಟಾ ಕಡೆ ಗುಡ್ಡಕ್ಕೆ ತಾಗಿ ಮನೆ ಇರುವವರು ಮಳೆಗೆ ಮುಂಚೆಯೇ ಧರೆಯ (ಮನೆ ಪಕ್ಕದ ಕಡಿದ ಗುಡ್ಡದ ಅಂಚು) ಮೇಲೆ ಹತ್ತಿ ನೋಡಿ. ಬಿರುಕು ಕಂಡರೆ ಮಣ್ಣು ತುಂಬಿ ಟಾರ್ಪಾಲ್ ಹೊದಿಸಿ, ಮೇಲಿಂದ ಬರುವ ನೀರು ಅದರೊಳಗೆ ಇಳಿಯದಂತೆ ಪಕ್ಕಕ್ಕೆ ಕಾಲುವೆ ತೆಗೆದು, ಪಂಚಾಯತಿಗೂ ತಿಳಿಸಿ. ಜೋರು ಮಳೆಯಲ್ಲಿ ಮಾತ್ರ ಹತ್ತಬೇಡಿ.

ಮರ, ಕರೆಂಟ್ ಕಂಬ ವಾಲುವುದು, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು, ಧರೆಯಲ್ಲಿ ಹೊಸ ಒರತೆ ಹುಟ್ಟಿ ಕೆಂಪು ನೀರು ಬರುವುದು, ಇವೆಲ್ಲ ಗುಡ್ಡ ಸರಿಯುತ್ತಿರುವ ಸೂಚನೆ. ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ದಿಢೀರ್ ಕಡಿಮೆಯಾಯಿತಾ? ಮೇಲೆಲ್ಲೋ ಮಣ್ಣು ಅಡ್ಡ ಬಿದ್ದಿರಬಹುದು. ಕೂಡಲೇ ಹೊರಡಿ, ಹಳ್ಳದ ದಾರಿ ಬಿಟ್ಟು ಪಕ್ಕಕ್ಕೆ.

ರೆಡ್ ಅಲರ್ಟ್ ಅಂದರೆ 24 ಗಂಟೆಯಲ್ಲಿ 20 ಸೆಂ.ಮೀ.ಗಿಂತ ಜಾಸ್ತಿ ಮಳೆ ಬರಬಹುದು ಅಂತ. ಕತ್ತಲಾಗುವ ಮುಂಚೆಯೇ ನೆಂಟರ ಮನೆಗೋ ಸರ್ಕಾರದ ಕಾಳಜಿ ಕೇಂದ್ರಕ್ಕೋ ಹೋಗಿ. ಜುಲೈ ಮುಗಿಯಿತು ಅಂತ ಸುಮ್ನೆ ಕೂರಬೇಡಿ, ಕಾರವಾರದ ಹತ್ತಿರದ ಕಡವಾಡದಲ್ಲಿ ಗುಡ್ಡ ಕುಸಿದಿದ್ದು 2009ರ ಅಕ್ಟೋಬರಿನಲ್ಲಿ. ವಾಯುಭಾರ ಕುಸಿತದ ಮಳೆ ಬರುವಾಗ ಮಣ್ಣು ಮೊದಲೇ ನೀರು ಕುಡಿದಿರುತ್ತದೆ, ಅಲ್ವಾ?

ಹೆದ್ದಾರಿಯಲ್ಲಿ ಕಡಿದ ಗುಡ್ಡದ ಕೆಳಗೆ ಚಹಾಕ್ಕೂ ಗಾಡಿ ನಿಲ್ಲಿಸಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಮಣ್ಣು ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಹಾಗಾಗಿ ಎದುರು ದಡದವರೂ ಎಚ್ಚರ.

ಕುಸಿದ ಮೇಲೆ ದಾಖಲೆ, ಚಿನ್ನ ಅಂತ ಒಳಗೆ ಓಡಬೇಡಿ, ಎರಡನೇ ಸಲವೂ ಕುಸಿಯಬಹುದು. 112 (ತುರ್ತು ಸಹಾಯ) ಅಥವಾ 1077ಕ್ಕೆ (ಜಿಲ್ಲಾ ವಿಪತ್ತು ಸಹಾಯವಾಣಿ) ಫೋನ್ ಮಾಡಿ.